ಗುತ್ತಿಗೆಯ ಇಂಜಿನಿಯರು

ಮಾಳಿಗೆಯ ಕೋಣೆಯನ್ನು ಬಾಡಿಗೆಗೆ ಕೇಳಿಕೊಂಡು ಬಂದ ತರುಣನನ್ನು, ಬೆಂಗಳೂರಿನ ವಿದ್ಯಾರಣ್ಯಪುರದ ಯಾವ ಮನೆಯ ಯಜಮಾನನಾದರೂ ವಿಚಾರಿಸುವಂತೆ, ಊರು ಯಾವುದು, ಉದ್ಯೋಗವೇನು ಎಂದು ನಾನು ವಿಚಾರಿಸಿದೆನು. ಊರು ಹೊಸದುರ್ಗದ ಕಡೆ, ಉದ್ಯೋಗ, "ಡಿಫೆನ್ಸ್ ಸಾರ್, ಹಾರ್ಡ್‌ವೇರ್ ಡಿಸೈನು." ಡಿಫೆನ್ಸ್ ಎಂಬ ಶಬ್ದ ಕಿವಿಗೆ ಬಿದ್ದೊಡನೆ ನನ್ನ ಪತ್ನಿಯ ಮುಖದಲ್ಲಿ ಮೂಡಿದ ಗೌರವವು, "ಪರ್ಮನೆಂಟೇನಪ್ಪ?" ಎಂದು ಅವಳೇ ಹಾಕಿದ ಪ್ರಶ್ನೆಗೆ "ಇಲ್ಲ ಆಂಟಿ, ಕಾಂಟ್ರಾಕ್ಟು, ಮೂರು ವರ್ಷ" ಎಂಬ ಉತ್ತರ ಬರುತ್ತಲೇ ಅರ್ಧಕ್ಕೆ ಇಳಿದುದನ್ನು ನಾನು ಕಂಡೆನು. ಅಡ್ವಾನ್ಸಿನ ಮೊತ್ತವನ್ನು ಮಾತ್ರ ಅವಳು ಇಳಿಸಲಿಲ್ಲ.

ದೇಶರಕ್ಷಣೆಯ ಕೆಲಸ ಮತ್ತು ಗುತ್ತಿಗೆ ಎಂಬ ಎರಡು ಮಾತುಗಳು ಒಂದೇ ವಾಕ್ಯದಲ್ಲಿ ಕೂಡಿ ಬರುವುದು ನಮ್ಮ ತಲೆಮಾರಿನವರ ಕಿವಿಗೆ ಇನ್ನೂ ಅಷ್ಟಾಗಿ ಒಗ್ಗಿಲ್ಲ. 1940ರಲ್ಲಿ ವಾಲಚಂದ ಹೀರಾಚಂದರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ ವಿಮಾನ ಕಾರ್ಖಾನೆಯನ್ನು ತೆರೆದುದು, 1954ರಲ್ಲಿ ಫ್ರಾನ್ಸಿನ ಸಿಎಸ್‌ಎಫ್ ಕಂಪನಿಯ ತಾಂತ್ರಿಕ ನೆರವಿನಿಂದ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಹುಟ್ಟಿದುದು, 1958ರಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒ ರೂಪುಗೊಂಡು ಅದರ ರೇಡಾರ್ ಪ್ರಯೋಗಾಲಯವಾದ ಎಲ್‌ಆರ್‌ಡಿಇ ಈ ನಗರದಲ್ಲಿ ನೆಲೆನಿಂತುದು, ಇವೆಲ್ಲ ಸೇರಿ ಬೆಂಗಳೂರಿನ ಮಧ್ಯಮವರ್ಗಕ್ಕೆ ಒಂದು ಬಗೆಯ ಭರವಸೆಯನ್ನು ಕಲಿಸಿದ್ದವು: ಒಮ್ಮೆ ಆ ಗೇಟಿನೊಳಕ್ಕೆ ಕಾಲಿಟ್ಟವನು ಅರವತ್ತು ತುಂಬುವವರೆಗೆ ಹೊರಕ್ಕೆ ಬರತಕ್ಕವನಲ್ಲ; ಅವನಿಗೆ ಕ್ವಾರ್ಟರ್ಸ್ ಉಂಟು, ಮಕ್ಕಳಿಗೆ ಕಾರ್ಖಾನೆಯದೇ ಶಾಲೆ ಉಂಟು, ಕಾಯಿಲೆ ಬಿದ್ದರೆ ಕಾರ್ಖಾನೆಯದೇ ಆಸ್ಪತ್ರೆ ಉಂಟು. "ಹುಡುಗ ಬಿಇಎಲ್‌ನಲ್ಲಿದ್ದಾನೆ" ಎಂದರೆ ಜಾತಕವನ್ನು ಎರಡನೆಯ ಸಲ ನೋಡಿಸದೆ ಹೆಣ್ಣು ಕೊಡುತ್ತಿದ್ದ ಕಾಲವದು.

ಈಗ ಗೇಟುಗಳು ಅವೇ ಇವೆ. ಒಳಹೋಗುವ ಬಗೆಗಳು ಹಲವಾಗಿವೆ. ಬಿಇಎಲ್ ಸಂಸ್ಥೆ ಇತ್ತೀಚಿನ ವರ್ಷಗಳಲ್ಲಿ ಮೇಲಿಂದ ಮೇಲೆ ಹೊರಡಿಸುತ್ತಿರುವ ಪ್ರಕಟಣೆಗಳಲ್ಲಿ ಎರಡು ಹೆಸರುಗಳು ಕಾಣುತ್ತವೆ. ಮೊದಲನೆಯದು ಟ್ರೈನಿ ಇಂಜಿನಿಯರು: ಹೆಚ್ಚೆಂದರೆ ಮೂರು ವರ್ಷ, ತಿಂಗಳಿಗೆ ಮೊದಲ ವರ್ಷ 30,000, ಎರಡನೆಯ ವರ್ಷ 35,000, ಮೂರನೆಯ ವರ್ಷ 40,000 ರೂಪಾಯಿ. ಎರಡನೆಯದು ಪ್ರಾಜೆಕ್ಟ್ ಇಂಜಿನಿಯರು: ಮೂರು ವರ್ಷ, ಬೇಕೆನಿಸಿದರೆ ಇನ್ನೊಂದು, 40,000ದಿಂದ ಮೊದಲಾಗಿ ನಾಲ್ಕನೆಯ ವರ್ಷಕ್ಕೆ 55,000. ಇದಲ್ಲದೆ ವಿಮೆಯ ಕಂತು, ಉಡುಪು, ಹೊಲಿಗೆಯ ಕೂಲಿ, ಪಾದರಕ್ಷೆ ಮೊದಲಾದವುಗಳಿಗೆಲ್ಲ ಸೇರಿ ವರ್ಷಕ್ಕೆ 12,000 ರೂಪಾಯಿಗಳ ಒಂದು ಗಂಟು. ಕಾಯಂ ನೇಮಕದ ಪ್ರೊಬೇಷನರಿ ಇಂಜಿನಿಯರಿನ ವೇತನಶ್ರೇಣಿಯೂ 40,000ದಿಂದಲೇ ಆರಂಭವಾಗಿ 1,40,000ದವರೆಗೆ ಹೋಗುತ್ತದೆ. ಆದರೆ ಅಲ್ಲಿ ಆ ನಲವತ್ತು ಸಾವಿರವು ಮೂಲವೇತನ, ಅದರ ಮೇಲೆ ತುಟ್ಟಿಭತ್ಯೆ, ಮನೆಬಾಡಿಗೆ ಭತ್ಯೆ ಮೊದಲಾದವು ಕಟ್ಟಡದ ಮೇಲಿನ ಅಂತಸ್ತುಗಳಂತೆ ಏರುತ್ತವೆ. ಇಲ್ಲಿಯ ನಲವತ್ತು ಸಾವಿರಕ್ಕೆ ತಳಹದಿಯೂ ಅದೇ, ಸೂರೂ ಅದೇ. ಆದರೂ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಈ ಷರತ್ತುಗಳನ್ನು ಸಂಸ್ಥೆ ಮುಚ್ಚಿಟ್ಟಿಲ್ಲ. ಅಕ್ಷರ ಬಲ್ಲ ಯಾರಾದರೂ ಓದಿಕೊಳ್ಳುವಂತೆ ಅಚ್ಚುಮಾಡಿ ಹೇಳುತ್ತದೆ.

ಮೂರನೆಯದೊಂದು ಬಗೆಯುಂಟು. ಅದರಲ್ಲಿ ಇಂಜಿನಿಯರು ಕೂರುವುದು ಒಂದು ಕಡೆ, ಸಂಬಳದ ಚೀಟಿ ಬರುವುದು ಇನ್ನೊಂದು ಕಡೆಯಿಂದ. ರಕ್ಷಣಾ ಪ್ರಯೋಗಾಲಯವು ಕೆಲಸವನ್ನು ಒಂದು ಖಾಸಗಿ ಕಂಪನಿಗೆ ವಹಿಸುತ್ತದೆ. ಕಂಪನಿ ತನ್ನ ಹುಡುಗರನ್ನು ಪ್ರಯೋಗಾಲಯದ ಮೇಜುಗಳ ಮುಂದೆ ಕೂರಿಸುತ್ತದೆ. ನಮ್ಮ ಮಾಳಿಗೆಯ ತರುಣ ಈ ಬಗೆಯವನು. ಅವನು ಕೂರುತ್ತಿದ್ದ ಸ್ಥಳದ ಹೆಸರನ್ನು ನಾನು ಬರೆಯುವುದಿಲ್ಲ. ಯಾವ ಯಂತ್ರಕ್ಕಾಗಿ ಕೆಲಸ ಮಾಡುತ್ತಿದ್ದನೆಂಬುದನ್ನು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆದರೆ ಆ ಕೆಲಸದ ಸ್ವರೂಪವೇನೆಂಬುದನ್ನು, ಗುಟ್ಟಿನ ಗೆರೆಯನ್ನು ದಾಟದೆಯೇ, ಮಾಳಿಗೆಯ ಮೆಟ್ಟಿಲಿನ ಮೇಲೆ ಕುಳಿತು ಅನೇಕ ಸಂಜೆಗಳಲ್ಲಿ ಅವನು ನನಗೆ ತಿಳಿಯಹೇಳಿದ್ದಾನೆ. ಡಿಜಿಟಲ್ ಹಾರ್ಡ್‌ವೇರ್ ವಿನ್ಯಾಸಕನೆಂದರೆ, ಸ್ಥೂಲವಾಗಿ, ಸೊನ್ನೆ ಮತ್ತು ಒಂದು ಎಂಬ ಎರಡೇ ಸಂಜ್ಞೆಗಳಲ್ಲಿ ವ್ಯವಹರಿಸುವ ಹಸಿರು ಫಲಕವನ್ನು, ಅವರು ಬೋರ್ಡು ಎಂದು ಕರೆಯುವುದನ್ನು, ಕಾಗದದ ಮೇಲಿನ ಕಲ್ಪನೆಯಿಂದ ಕೈಗೆತ್ತಿಕೊಳ್ಳುವ ವಸ್ತುವಿನವರೆಗೆ ನಡೆಸಿಕೊಂಡು ಬರುವವನು. ಫಲಕದ ಮಧ್ಯದಲ್ಲಿ ಎಫ್‌ಪಿಜಿಎ ಎಂಬ ಚಿಪ್ಪು ಕುಳಿತಿರುತ್ತದೆ. ಇದು 1980ರ ದಶಕದ ನಡುವಿನಲ್ಲಿ ಅಮೆರಿಕದ ಜೈಲಿಂಕ್ಸ್ ಕಂಪನಿ ಮಾರುಕಟ್ಟೆಗೆ ತಂದ ವಿಚಿತ್ರ ವಸ್ತು. ಕಾರ್ಖಾನೆಯಿಂದ ಬರುವಾಗ ಇದಕ್ಕೆ ಇಂಥದೇ ಕೆಲಸವೆಂಬುದಿಲ್ಲ. ಒಳಗಿರುವ ಅಸಂಖ್ಯ ತರ್ಕಕೋಶಗಳಲ್ಲಿ ಯಾವುದಕ್ಕೆ ಯಾವುದನ್ನು ಜೋಡಿಸಬೇಕೆಂದು ಕೊಂಡವನೇ ಬರೆದು ತುಂಬಬೇಕು. ಈ ದಿನ ರೇಡಾರಿನ ಪ್ರತಿಧ್ವನಿಯನ್ನು ಎಣಿಸುವ ಯಂತ್ರವಾಗಿದ್ದುದನ್ನು ನಾಳೆ ಅಳಿಸಿ ಇನ್ನೊಂದಾಗಿ ಬರೆಯಬಹುದು. ನೂರರ ಲೆಕ್ಕದಲ್ಲಿ ಬೇಕೇ ಹೊರತು ಕೋಟಿಯ ಲೆಕ್ಕದಲ್ಲಿ ಬೇಡವಾದ ಸೇನಾ ಉಪಕರಣಗಳಿಗೆ ಪ್ರತ್ಯೇಕ ಚಿಪ್ಪನ್ನು ಎರಕ ಹೊಯ್ಯಿಸುವುದು ದುಬಾರಿಯ ಮಾತು. ಆದುದರಿಂದಲೇ ಈ ಬರೆದಳಿಸುವ ಹಲಗೆ ಅಲ್ಲಿ ಬಹಳ ಪ್ರಿಯವಾಯಿತು.

ಚಿಪ್ಪಿನ ಸುತ್ತಲಿನ ಪರಿವಾರವೇನೂ ಸಣ್ಣದಲ್ಲ. ಅದರ ಹೃದಯಕ್ಕೆ ಒಂದು ವೋಲ್ಟಿನ ಆಸುಪಾಸು, ನೆರೆಯ ಭಾಗಗಳಿಗೆ 1.8 ವೋಲ್ಟು, ಹೊರಬಾಗಿಲಿಗೆ 3.3 ವೋಲ್ಟು, ಹೀಗೆ ಬೇರೆಬೇರೆ ಮಟ್ಟದ ವಿದ್ಯುತ್ತನ್ನು ಉಣಿಸಬೇಕು. ಅದೂ ಒಟ್ಟಿಗೆ ಅಲ್ಲ, ಮೊದಲು ಹೃದಯಕ್ಕೆ, ಅನಂತರ ಉಳಿದವಕ್ಕೆ, ಪಂಕ್ತಿಭೋಜನದಲ್ಲಿ ಬಡಿಸುವ ಕ್ರಮವಿರುವಂತೆ. ವಿದ್ಯುತ್ತು ತುಳುಕದಂತೆ ಹಿಡಿದುಕೊಳ್ಳಲು ಚಿಪ್ಪಿನ ಬುಡದಲ್ಲೇ ಡಜನುಗಟ್ಟಲೆ ಕೆಪಾಸಿಟರುಗಳು. ಒಂದು ದಿನ ಸರ್ದಾರ್ ಪತ್ರಪ್ಪ ರಸ್ತೆಯಿಂದ ತನ್ನ ಸ್ವಂತ ಹವ್ಯಾಸಕ್ಕೆಂದು ತಂದಿದ್ದ ಒಂದು ಪಟ್ಟಿಯನ್ನು ಬಿಡಿಸಿ ಅವನು ನನ್ನ ಅಂಗೈಗೆ ಅಂಥವನ್ನು ಹಾಕಿದನು. ಉದ್ದ ಒಂದು ಮಿಲಿಮೀಟರು, ಅಗಲ ಅದರ ಅರ್ಧ. ರಾಗಿಯ ಕಾಳು ಅದರ ಪಕ್ಕದಲ್ಲಿ ದಪ್ಪವಾಗಿ ಕಂಡೀತು. ನಾನು ಉಸಿರು ಬಿಟ್ಟುದರಲ್ಲಿ ಎರಡು ಹಾರಿಹೋದುವು. "ಹೋಗ್ಲಿ ಬಿಡಿ ಸಾರ್, ಐವತ್ತು ಪೈಸೆ" ಎಂದನು. ಅಂಥದೊಂದು ಬೆಸುಗೆ ಕಳಚಿದರೆ ಹಾರುತ್ತಿರುವ ವಿಮಾನದ ಫಲಕವೊಂದು ಮಾತು ತಪ್ಪಬಹುದೆಂಬುದನ್ನು ಆಮೇಲೆ ಹೇಳಿದನು.

ಸೇನೆಯ ಫಲಕಕ್ಕೂ ನಮ್ಮ ಮನೆಯ ಟಿವಿಯ ಫಲಕಕ್ಕೂ ವ್ಯತ್ಯಾಸ ಬುದ್ಧಿಯಲ್ಲಿಲ್ಲ, ಸಹನೆಯಲ್ಲಿದೆ. ಮನೆಬಳಕೆಯ ಚಿಪ್ಪುಗಳಿಗೆ ಸೊನ್ನೆಯಿಂದ 70 ಡಿಗ್ರಿ ಸೆಲ್ಸಿಯಸ್‌ವರೆಗಿನ ಹವೆ ಸಾಕು. ಸೇನಾದರ್ಜೆಯವು ಸೊನ್ನೆಗಿಂತ 55 ಡಿಗ್ರಿ ಕೆಳಗಿನಿಂದ 125 ಡಿಗ್ರಿಯವರೆಗೆ ಬದುಕಬೇಕು. ವೇಗದಲ್ಲಿ ನೋಡಿದರೆ ಸೇನೆಯ ಸಲಕರಣೆ ಹಲವು ವೇಳೆ ಹಳೆಯದು: ಯುದ್ಧವಿಮಾನದೊಳಗಿನ ಯಂತ್ರಗಳು ಪರಸ್ಪರ ಮಾತನಾಡಲು ಇಂದಿಗೂ ಬಳಸುವ ಮಿಲ್-ಸ್ಟ್ಯಾಂಡರ್ಡ್ 1553ಬಿ ಎಂಬ ತಂತಿಯ ನಿಯಮ 1978ರದು, ಅದರ ವೇಗ ಸೆಕೆಂಡಿಗೆ ಹತ್ತು ಲಕ್ಷ ಬಿಟ್ಟುಗಳು. ಕಾಲೇಜಿನ ಹುಡುಗನ ಮೊಬೈಲು ಇದನ್ನು ಕಂಡು ನಕ್ಕೀತು. ಆದರೆ ಒಂದು ತಂತಿ ತುಂಡಾದರೆ ಮತ್ತೊಂದು ಅದರ ಕೆಲಸವನ್ನು ತಾನು ವಹಿಸಿಕೊಳ್ಳುವ ಅದರ ಜೋಡಿ ಏರ್ಪಾಡನ್ನು ಮೊಬೈಲು ಕಂಡಿಲ್ಲ.

ಈ ಸಹನೆಯನ್ನು ಪರೀಕ್ಷಿಸುವ ಸ್ಥಳಕ್ಕೆ ಅವರ ಭಾಷೆಯಲ್ಲಿ ಛೇಂಬರೆಂದು ಹೆಸರು. ಬೀರುವಿನಷ್ಟು ಎತ್ತರದ ಪೆಟ್ಟಿಗೆ. ಒಳಗೆ ಸಿಯಾಚಿನ್ನನ್ನಾಗಲಿ ಜೈಸಲ್ಮೇರನ್ನಾಗಲಿ ಸೃಷ್ಟಿಸಬಹುದು. ಸೇನೆಯ ಎಲೆಕ್ಟ್ರಾನಿಕ್ ಉಪಕರಣಗಳು ಯಾವ ಚಳಿ, ಯಾವ ಸೆಕೆ, ಯಾವ ಕುಲುಕಾಟವನ್ನು ತಾಳಬೇಕೆಂಬುದಕ್ಕೆ ನಮ್ಮಲ್ಲಿ ಜೆಎಸ್‌ಎಸ್ 55555 ಎಂಬ ಪ್ರಮಾಣಗ್ರಂಥವಿದೆ. ಮೇಜಿನ ಮೇಲೆ ಸಾವಿರ ಸಲ ಸರಿಯಾಗಿ ಎದ್ದು ನಿಂತಿದ್ದ ನಮ್ಮ ತರುಣನ ಫಲಕ, ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗೆ, ಹದಿನೈದಿಪ್ಪತ್ತು ಸಲಕ್ಕೊಮ್ಮೆ ಏಳಲೊಲ್ಲದೆ ಹೋಯಿತು. ಪ್ರತಿಸಲವೂ ಏಳದಿದ್ದರೆ ಕಾರಣ ಹುಡುಕುವುದು ಸುಲಭ. ಇಪ್ಪತ್ತಕ್ಕೊಮ್ಮೆ ಕೈಕೊಡುವ ರೋಗ, ವೈದ್ಯನ ಎದುರಿಗೆ ಬಂದಾಗ ಮಾತ್ರ ನಿಲ್ಲುವ ಕೆಮ್ಮಿನಂತೆ, ಹಿಡಿಯುವುದಕ್ಕೆ ಸಿಕ್ಕುವುದಿಲ್ಲ. ಎರಡು ರಾತ್ರಿ ಸುಮ್ಮನೆ ಕಳೆದುವು. ಮೂರನೆಯ ರಾತ್ರಿ ಆಸಿಲೋಸ್ಕೋಪಿನ ಒಂದು ಸೂಜಿಯನ್ನು ಮೆಮೊರಿಯ ವಿದ್ಯುತ್ತಿಗೂ ಮತ್ತೊಂದನ್ನು ಎಫ್‌ಪಿಜಿಎ ಅದನ್ನು ಪ್ರಶ್ನಿಸುವ ತಂತಿಗೂ ಚುಚ್ಚಿ, ಕೈಗೆ ಸ್ವೆಟರು ಸುತ್ತಿಕೊಂಡು, ಸ್ವಿಚ್ಚನ್ನು ಹಾಕಿ ತೆಗೆದು, ಹಾಕಿ ತೆಗೆದು ನೋಡುತ್ತ ಕುಳಿತಾಗ, ಬೆಳಗಿನ ಜಾವದಲ್ಲಿ ವಿಷಯ ಕಣ್ಣಿಗೆ ಬಿತ್ತು: ಕಡು ಚಳಿಯಲ್ಲಿ ಮೆಮೊರಿಗೆ ಹೋಗುವ ವಿದ್ಯುತ್ತು ಮಟ್ಟಕ್ಕೆ ಏರುವುದು ಒಂದಿಷ್ಟು ತಡ, ಅದು ಎಚ್ಚರಗೊಳ್ಳುವ ಮುನ್ನವೇ ಎಫ್‌ಪಿಜಿಎ ಮೊದಲ ಪ್ರಶ್ನೆಯನ್ನು ಕೇಳಿಬಿಡುತ್ತದೆ, ಉತ್ತರ ಬಾರದೆ ಕಲ್ಲಾಗಿ ನಿಲ್ಲುತ್ತದೆ. ಪರಿಹಾರ ಒಂದೇ ಸಾಲು. ಪ್ರಶ್ನೆ ಕೇಳುವ ಮೊದಲು 200 ಮಿಲಿಸೆಕೆಂಡು, ಕಣ್ಣು ಮಿಟುಕಿಸುವಷ್ಟು ಹೊತ್ತು, ಕಾಯುವುದು. ಬರೆದನು, ಛೇಂಬರಿನಲ್ಲಿ ಐನೂರು ಸಲ ಎಬ್ಬಿಸಿದನು, ಐನೂರು ಸಲವೂ ಎದ್ದಿತು. ಆ ಸಾಲಿನ ಪಕ್ಕದಲ್ಲಿ ಟಿಪ್ಪಣಿಯಾಗಿ "ಕಾಯಿರಿ" ಎಂಬರ್ಥದ ಒಂದೇ ಪದವನ್ನು ಹಾಕಿ, ನಿದ್ದೆ ತಡೆಯಲಾರದೆ ಮನೆಗೆ ಬಂದನು. ಆ ದಿನ ಭಾನುವಾರವೆಂಬುದು ನನಗೆ ನೆನಪಿದೆ, ಏಕೆಂದರೆ ನನ್ನ ಪತ್ನಿ ಅವನಿಗೆ ಇಟ್ಟ ಇಡ್ಲಿ ಸಂಜೆಯವರೆಗೆ ಹಾಗೆಯೇ ಇತ್ತು.

ಅವನು ಆ ಸಾಲನ್ನು ಬರೆದ ಭಾಷೆಗೆ ವಿಎಚ್‌ಡಿಎಲ್ ಎಂದು ಹೆಸರು, ಮತ್ತು ಆ ಭಾಷೆಯ ಜನ್ಮವೃತ್ತಾಂತ ನಮ್ಮ ಪ್ರಸ್ತುತ ವಿಷಯಕ್ಕೆ ಬಹಳ ಹತ್ತಿರದ್ದು. 1980ರ ದಶಕದ ಆದಿಯಲ್ಲಿ ಅಮೆರಿಕದ ರಕ್ಷಣಾ ಇಲಾಖೆಗೆ ಒಂದು ಚಿಂತೆ ಹತ್ತಿತು: ಗುತ್ತಿಗೆಯ ಕಂಪನಿಗಳು ಉಪಕರಣಗಳೊಳಗೆ ತಮ್ಮದೇ ಚಿಪ್ಪುಗಳನ್ನು ಇಟ್ಟು ಕೊಡುತ್ತಿವೆ; ಉಪಕರಣವು ದಶಕಗಳ ಕಾಲ ಸೇನೆಯಲ್ಲಿರುತ್ತದೆ, ಚಿಪ್ಪು ಕೆಲವೇ ವರ್ಷಗಳಲ್ಲಿ ಮಾರುಕಟ್ಟೆಯಿಂದ ಮರೆಯಾಗುತ್ತದೆ; ಆಗ ಅದೇ ಗುಣದ ಇನ್ನೊಂದನ್ನು ಮಾಡಿಸಬೇಕಾದರೆ ಮೊದಲಿನದು ಏನು ಮಾಡುತ್ತಿತ್ತೆಂಬುದನ್ನು ಹೇಳುವವರು ಯಾರು? ಆದಕಾರಣ ಚಿಪ್ಪಿನ ನಡವಳಿಕೆಯನ್ನು ಯಾರು ಬೇಕಾದರೂ ಓದಿ ತಿಳಿಯುವಂತೆ ದಾಖಲಿಸಲು ಒಂದು ಭಾಷೆಯನ್ನೇ ಮಾಡಿಸಿದರು; 1987ರಲ್ಲಿ ಅದು ಇಂಜಿನಿಯರುಗಳ ಸಂಸ್ಥೆಯಾದ ಐಇಇಇಯ ಪ್ರಮಾಣಕವಾಯಿತು. ಅಂದರೆ, ಮಾಡಿದವನು ಹೊರಟುಹೋಗುತ್ತಾನೆಂಬ ಭಯದಿಂದಲೇ ಹುಟ್ಟಿದ ಭಾಷೆಯಿದು. ಆದರೆ ಯಾವ ಭಾಷೆಗೂ ಇರುವ ಮಿತಿ ಇದಕ್ಕೂ ಇದೆ. ಫಲಕವು 200 ಮಿಲಿಸೆಕೆಂಡು ಕಾಯುತ್ತದೆ ಎಂಬುದನ್ನು ಅದು ಹೇಳಬಲ್ಲದು; ಏಕೆ ಕಾಯುತ್ತದೆ ಎಂಬುದು ಬರೆದವನ ತಲೆಯಲ್ಲಿ ಉಳಿಯುತ್ತದೆ.

ನಮ್ಮ ದೇಶದ ಉದಾಹರಣೆಯನ್ನೇ ನೋಡೋಣ. ತೇಜಸ್ ವಿಮಾನದ ಯೋಜನೆಗೆ ಮಂಜೂರಾತಿ ದೊರೆತುದು 1983ರಲ್ಲಿ. ಅದು ಬೆಂಗಳೂರಿನ ಆಕಾಶದಲ್ಲಿ ಮೊದಲ ಸಲ ಹಾರಿದುದು 2001ರ ಜನವರಿ 4ರಂದು. ವಾಯುಪಡೆಯ ಸ್ಕ್ವಾಡ್ರನ್ ಒಂದಕ್ಕೆ ಸೇರಿದುದು 2016ರ ಜುಲೈ 1ರಂದು. ಒಂದು ಉಪಕರಣ ಕಲ್ಪನೆಯಿಂದ ಸೇವೆಗೆ ಬರುವುದಕ್ಕೆ ಮೂವತ್ತಮೂರು ವರ್ಷ ಹಿಡಿಯಬಹುದಾದ, ಆ ಮೇಲೆ ಅಷ್ಟೇ ವರ್ಷ ಸೇವೆಯಲ್ಲಿ ಇರಬೇಕಾದ ಕ್ಷೇತ್ರದಲ್ಲಿ, ಅದರ ಅಂತರಂಗವನ್ನು ಬಲ್ಲವನ ಆಯುಷ್ಯವನ್ನು ಮೂರು ವರ್ಷ, ನಾಲ್ಕು ವರ್ಷ ಎಂದು ಕತ್ತರಿಸಿ ಇಡುವುದು ಎಂಥ ವಿವೇಕವೋ ನನಗೆ ತಿಳಿಯದು. ಯೋಜನೆಗಳಿಗೆ ಹಣ ಬರುವುದೇ ಅವಧಿಯ ಲೆಕ್ಕದಲ್ಲಿ, ಕಾಯಂ ಹುದ್ದೆ ಸೃಷ್ಟಿಸಲು ದೆಹಲಿಯ ಅನುಮತಿ ಬೇಕು, ಕೆಲಸ ಮಾತ್ರ ಇಂದೇ ಆಗಬೇಕು, ಎಂಬ ಅಧಿಕಾರಿಗಳ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಅವರಲ್ಲಿ ಹಲವರು ಈ ಹುಡುಗರನ್ನು ತಮ್ಮ ಮಕ್ಕಳಂತೆ ನಡೆಸಿಕೊಳ್ಳುವುದನ್ನೂ ಕೇಳಿ ಬಲ್ಲೆ. ಕಷ್ಟವು ನಿಜವೆಂದ ಮಾತ್ರಕ್ಕೆ ಪರಿಣಾಮ ಸುಳ್ಳಾಗುವುದಿಲ್ಲ.

ಕಾನೂನು ಈ ವಿಷಯದಲ್ಲಿ ಹೆಚ್ಚು ಆಸರೆಯನ್ನು ಕೊಟ್ಟಿಲ್ಲ. ತಾತ್ಕಾಲಿಕ ನೌಕರನು ಎಷ್ಟೇ ವರ್ಷ ದುಡಿದರೂ ಸಾರ್ವಜನಿಕ ಹುದ್ದೆಯಲ್ಲಿ ಕಾಯಮಾತಿಯನ್ನು ಹಕ್ಕೆಂದು ಕೇಳುವಂತಿಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2006ರ ಏಪ್ರಿಲ್ 10ರಂದು ಕೊಟ್ಟ ತೀರ್ಪಿನ ಹೆಸರೇ ಕರ್ನಾಟಕ ರಾಜ್ಯ ವಿರುದ್ಧ ಉಮಾದೇವಿ. ನಮ್ಮದೇ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಯವರ ವ್ಯಾಜ್ಯವೂ ಅದರಲ್ಲಿ ಸೇರಿತ್ತು. ಹಿಂಬಾಗಿಲ ನೇಮಕವನ್ನು ತಡೆಯಬೇಕೆಂಬ ಅದರ ಉದ್ದೇಶ ಸರಿಯಾದುದೇ. ಇನ್ನು ಉಪದಾನದ ಮಾತು. ಗ್ರಾಚ್ಯುಯಿಟಿ ಎಂದು ನಾವೆಲ್ಲ ಕರೆಯುವ ಅದು, 1972ರ ಕಾಯಿದೆಯಂತೆ, ಐದು ವರ್ಷ ಸತತವಾಗಿ ದುಡಿದವನಿಗೆ ದೊರೆಯತಕ್ಕದ್ದಾಗಿತ್ತು. ಗುತ್ತಿಗೆಯ ಗರಿಷ್ಠ ಅವಧಿ ನಾಲ್ಕು ವರ್ಷಕ್ಕೆ ನಿಂತಿತು. ಇದು ಎಣಿಸಿ ಇಟ್ಟುದೋ ಕಾಕತಾಳೀಯವೋ, ಬಲ್ಲವರು ಹೇಳಬೇಕು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳು ನಿಗದಿತ ಅವಧಿಯ ನೌಕರನಿಗೆ ಒಂದೇ ವರ್ಷದ ಸೇವೆಗೂ ಉಪದಾನವನ್ನು ಒದಗಿಸಿರುವುದು ಸಣ್ಣ ಸಮಾಧಾನ.

ಇದೇ ಕಸುಬಿನಲ್ಲಿ ಬ್ರಿಟನ್ನಿನ ರೀತಿ ಬೇರೆ. ಅಲ್ಲಿ ಗುತ್ತಿಗೆಯ ವಿನ್ಯಾಸಕನು ತನ್ನ ಹೆಸರಿನಲ್ಲೇ ಒಂದು ಚಿಕ್ಕ ಕಂಪನಿಯನ್ನು ತೆರೆದು, ಗಂಟೆಯ ಲೆಕ್ಕದಲ್ಲಿ ಬಿಲ್ಲು ಮಾಡಿ, ಕಾಯಂ ನೌಕರನಿಗಿಂತ ಹೆಚ್ಚನ್ನೇ ಸಂಪಾದಿಸುವುದು ವಾಡಿಕೆ. ಎಷ್ಟೆಂದರೆ, ಅಂಥವರು ನಿಜವಾಗಿ ಸ್ವತಂತ್ರರೋ ವೇಷ ಹಾಕಿದ ನೌಕರರೋ ಎಂದು ಪರೀಕ್ಷಿಸಲು ಅಲ್ಲಿಯ ಸರಕಾರ 2000ದಲ್ಲಿ ಐಆರ್35 ಎಂಬ ತೆರಿಗೆಯ ನಿಯಮವನ್ನೇ ತರಬೇಕಾಯಿತು. ನಾಳೆ ಕೆಲಸ ಇದೆಯೋ ಇಲ್ಲವೋ ಎಂಬ ಅನಿಶ್ಚಯಕ್ಕೆ ಅಲ್ಲಿ ಬೆಲೆ ಕಟ್ಟಿ ಕೊಡುತ್ತಾರೆ. ನಮ್ಮಲ್ಲಿ ಅನಿಶ್ಚಯವೂ ಅವನದೇ, ಕಡಮೆಯ ಸಂಬಳವೂ ಅವನದೇ.

ನನಗೆ ಇವೆಲ್ಲಕ್ಕಿಂತ ವಿಚಿತ್ರವಾಗಿ ತೋರಿದುದು ಅವನ ಅರ್ಜಿಯ ಕಾಗದ. ಮೂರನೆಯ ವರ್ಷದ ಕೊನೆಯಲ್ಲಿ ಬೇರೆ ಕೆಲಸ ಹುಡುಕುವುದಕ್ಕಾಗಿ ತನ್ನ ರೆಸ್ಯೂಮನ್ನು ಬರೆದು, ಭಾಷೆಯನ್ನು ಒಮ್ಮೆ ನೋಡಿರೆಂದು ನನಗೆ ಕೊಟ್ಟನು. ಓದು, ಅಂಕ, ಬಲ್ಲ ಭಾಷೆಗಳು, ಬಲ್ಲ ಚಿಪ್ಪುಗಳು ಎಲ್ಲವೂ ಇದ್ದುವು. ಮಾಡಿದ ಕೆಲಸವೇನೆಂಬಲ್ಲಿ ಮಾತ್ರ ಎರಡು ಬಡಕಲು ಸಾಲುಗಳು. "ಇಷ್ಟೇ ಏನಪ್ಪ?" ಎಂದೆ. "ಇಷ್ಟೇ ಸಾರ್ ಬರೆಯೋಕಾಗೋದು" ಎಂದನು. ಪ್ರತಿದಿನ ಗೇಟಿನಲ್ಲಿ ಮೊಬೈಲನ್ನು ಪೆಟ್ಟಿಗೆಯಲ್ಲಿಟ್ಟು ಟೋಕನು ಪಡೆದು ಒಳಹೋಗಿ, ಹೊರಗಿನ ಜಾಲದ ಸಂಪರ್ಕವಿಲ್ಲದ ಕಂಪ್ಯೂಟರಿನ ಮುಂದೆ ಕುಳಿತು, ಒಂದು ಡೇಟಾಶೀಟು ಬೇಕಾದರೂ ಬೇರೆಯ ಕೋಣೆಯ ಬೇರೆಯ ಯಂತ್ರದಿಂದ ಅನುಮತಿ ಪಡೆದು ತರಿಸಿಕೊಂಡು ಕೆಲಸ ಮಾಡಿದವನಿಗೆ, 1923ರ ಅಧಿಕೃತ ರಹಸ್ಯಗಳ ಕಾಯಿದೆಯ ಕೆಳಗೆ ಸಹಿ ಮಾಡಿಕೊಟ್ಟ ಮಾತು, ಗುತ್ತಿಗೆ ಮುಗಿದ ಬಳಿಕವೂ ಮುಗಿಯುವುದಿಲ್ಲ. ಸಂಬಳಕ್ಕೆ ಮೂರು ವರ್ಷದ ಅವಧಿಯುಂಟು, ಮೌನಕ್ಕೆ ಅವಧಿಯಿಲ್ಲ.

ಅವನು ಕೊನೆಯ ದಿನ ಪಾಸನ್ನು ಗೇಟಿನಲ್ಲಿ ಒಪ್ಪಿಸಿ ಬಂದನು. ಕೆಲಸವನ್ನು ಇನ್ನೊಬ್ಬನಿಗೆ ವಹಿಸಿಕೊಡಲು ಎರಡು ದಿನದ ಕಾಲಾವಕಾಶವಿತ್ತು. ವಹಿಸಿಕೊಳ್ಳಬೇಕಾದ ಹುಡುಗ ಇನ್ನೂ ನೇಮಕವಾಗಿರಲಿಲ್ಲ. ಕಡತಗಳನ್ನು ಹೆಸರು ಹಚ್ಚಿ ಜೋಡಿಸಿಟ್ಟು ಬಂದೆನೆಂದನು. ತಿಂಗಳೊಪ್ಪತ್ತಿನಲ್ಲಿ ಹೊರವರ್ತುಲ ರಸ್ತೆಯ ಒಂದು ಚಿಪ್ಪಿನ ಕಂಪನಿಯಲ್ಲಿ ಅವನಿಗೆ ಕೆಲಸ ಸಿಕ್ಕಿತು, ಮೊದಲಿನದರ ಎರಡೂವರೆಪಟ್ಟು ಸಂಬಳಕ್ಕೆ, ಪರ್ಮನೆಂಟಾಗಿ. ನನ್ನ ಪತ್ನಿ ಒಬ್ಬಟ್ಟು ಮಾಡಿದಳು.

ಕಳೆದ ಶ್ರಾವಣದ ಒಂದು ಸಂಜೆ, ನಾವಿಬ್ಬರೂ ಮೆಟ್ಟಿಲಿನ ಮೇಲಿರುವಾಗ, ಅವನ ಮೊಬೈಲಿಗೆ ಒಂದು ಕರೆ ಬಂದಿತು. ಹಳೆಯ ಮೇಜಿಗೆ ಹೊಸದಾಗಿ ಬಂದ ಹುಡುಗ. ಹೆಸರನ್ನು ಕಡತದಲ್ಲಿ ನೋಡಿ, ಯಾರಿಂದಲೋ ನಂಬರು ಪಡೆದಿದ್ದಾನೆ. ಧ್ವನಿ ದೊಡ್ಡದಾಗಿದ್ದುದರಿಂದ ನನಗೂ ಕೇಳಿಸಿತು. "ಸಾರ್, ಶುರುವಲ್ಲಿ ಇನ್ನೂರು ಮಿಲಿಸೆಕೆಂಡ್ ಯಾಕೆ ಕಾಯ್ತಿದೆ? ಕಾಮೆಂಟಲ್ಲಿ ಕಾಯಿರಿ ಅಂತ ಬಿಟ್ರೆ ಏನೂ ಇಲ್ಲ. ಬೂಟ್ ಟೈಮ್ ಕಡಿಮೆ ಮಾಡಿ ಅಂತಿದಾರೆ, ಅದನ್ನ ತೆಗೆದುಬಿಡಲಾ?" ನಮ್ಮ ತರುಣನು ತಟ್ಟನೆ ಬಾಯಿ ತೆರೆದನು, ನನ್ನ ಮುಖವನ್ನೊಮ್ಮೆ ನೋಡಿದನು, ಬಾಯಿ ಮುಚ್ಚಿದನು. ಅವನು ಈಗ ಆ ಗೇಟಿನ ಹೊರಗಿನವನು. ಹೊರಗಿನ ದೂರವಾಣಿಯಲ್ಲಿ ಒಳಗಿನ ಮಾತು ಆಡತಕ್ಕದ್ದಲ್ಲ.

"ಅದನ್ನ ಮುಟ್ಟಬೇಡಿ" ಎಂದನು. "ಅಷ್ಟೇ ಹೇಳ್ತೀನಿ." ಕರೆಯನ್ನು ಮುಗಿಸಿ ಮೊಬೈಲನ್ನು ಜೇಬಿಗೆ ಹಾಕಿಕೊಂಡನು. ಆ ಹುಡುಗ ಮುಟ್ಟಿದನೋ ಬಿಟ್ಟನೋ, ಈವರೆಗೆ ಸುದ್ದಿಯಿಲ್ಲ.